ಹೊಸಬರಿಗೊಂದು ಹಳದಿ ವಿಮಾನ

ಜಪಾನಿನಲ್ಲಿ ಯಾರಾದರೂ ‘ನನಗೆ ಸ್ವಲ್ಪ ಬರುತ್ತದೆ’ ಅಂದರೆ ಎದ್ದು ನಿಂತು ನಮಸ್ಕಾರ ಮಾಡುವುದು ಕ್ಷೇಮ. ‘ಸ್ವಲ್ಪ ಪಿಯಾನೊ ಬರುತ್ತದೆ’ ಅಂದವಳು ಸಂಜೆಗೆ ಸಭಾಂಗಣ ತುಂಬಿಸುತ್ತಾಳೆ. ‘ಸ್ವಲ್ಪ ಬೆಟ್ಟ ಹತ್ತುತ್ತೇನೆ’ ಅಂದವನು ಕಾಲಿನ ಬೆರಳೊಂದನ್ನು ಹಿಮಾಲಯದಲ್ಲಿ ಬಿಟ್ಟು ಬಂದಿರುತ್ತಾನೆ. ನಮ್ಮ ಕಡೆ ಲೆಕ್ಕವೇ ಬೇರೆ. ಏನೂ ಬಾರದವನು ಸ್ವಲ್ಪ ಬರುತ್ತದೆ ಅನ್ನುತ್ತಾನೆ, ಸ್ವಲ್ಪ ಬಂದವನು ಕ್ಲಾಸು ತೆರೆಯುತ್ತಾನೆ. ನಗೋಯಾ ಹತ್ತಿರದ ಒಕಾಝಾಕಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಎಂಜಿನಿಯರ್ ಜಯಂತನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವನ ನಾಲಗೆ ಆ ಶುಕ್ರವಾರ ಸಂಜೆ ಬೆಂಗಳೂರಿನ ಲೆಕ್ಕದಲ್ಲೇ ಹೊರಳಿತು.

ಕೊರೋನಾದ ಎರಡನೆಯ ವರ್ಷದ ಮಾರ್ಚ್ ತಿಂಗಳು. ಸೆಕ್ಷನ್ ಮುಖ್ಯಸ್ಥ ನಿಶಿಗಾಕಿ ಸಾನ್ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಹೋಟೆಲಿನಲ್ಲಿ ಗುಂಪು ಸೇರುವಂತಿಲ್ಲವಾದ್ದರಿಂದ ಬೀಳ್ಕೊಡುಗೆ ಕಂಪ್ಯೂಟರಿನಲ್ಲೇ ನಡೆಯಿತು. ಎಲ್ಲರೂ ಅವರವರ ಮನೆಯಲ್ಲಿ ಕೊಂಬಿನಿ ಅಂಗಡಿಯಿಂದ ತಂದ ಕುರುಕಲು ಮುಂದಿಟ್ಟುಕೊಂಡು, ತೆರೆಯ ಮೇಲಿನ ಚೌಕಗಳಲ್ಲಿ ಗ್ಲಾಸು ಎತ್ತಿ ಹಿಡಿದು, ನಗುತ್ತ ಅಳುತ್ತ ಕೂತಿದ್ದರು.

ಜಯಂತನಿಗೆ ನಿಶಿಗಾಕಿ ಸಾನ್ ಅಂದರೆ ಮನೆದೇವರಿಗಿಂತ ಒಂದು ತೂಕ ಹೆಚ್ಚು. ಅವನು ಹೊಸದಾಗಿ ಸೇರಿದಾಗ ಅವನ ನಕ್ಷೆಗಳಲ್ಲಿನ ತಪ್ಪುಗಳನ್ನು ಅವರು ಯಾರಿಗೂ ತಿಳಿಯದಂತೆ ತಿದ್ದಿ, ‘ನೀವು ಹೇಳಿದ್ದೇ ಸರಿ’ ಎಂದು ಮೀಟಿಂಗಿನಲ್ಲಿ ಹೊಗಳುತ್ತಿದ್ದರು. ಹಿಂದಿನ ವರ್ಷ ಅವನು ಜ್ವರ ಬಂದು ಕೋಣೆಯಲ್ಲಿ ಬಿದ್ದಿದ್ದಾಗ ದಿನವೂ ಬಾಗಿಲ ಬಳಿ ಹಾಲು, ಮೂಲಂಗಿ, ಕಿತ್ತಳೆ ಇಟ್ಟು ಗಂಟೆ ಒತ್ತಿ, ಬಾಗಿಲು ತೆರೆಯುವಷ್ಟರಲ್ಲಿ ಮಾಯವಾಗುತ್ತಿದ್ದವರು ಅವರೇ. ಅಂಥವರು ಇನ್ನು ಆಫೀಸಿನಲ್ಲಿ ಇರುವುದಿಲ್ಲ ಅನ್ನುವುದನ್ನು ಅವನು ಇನ್ನೂ ಒಪ್ಪಿಕೊಂಡಿರಲಿಲ್ಲ.

ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದು ಯಾರೋ ಕೇಳಿದರು. ಹೊಳೆಯ ದಡದಲ್ಲಿ ರಿಮೋಟ್ ವಿಮಾನ ಹಾರಿಸಿಕೊಂಡಿರುತ್ತೇನೆ, ಆದರೆ ನನಗಿನ್ನೂ ಅದರ ಅಆಇಈ ಬಂದಿಲ್ಲ ಎಂದು ನಿಶಿಗಾಕಿ ಸಾನ್ ತಲೆ ಕೆರೆದುಕೊಂಡರು. ಚೌಕಗಳೆಲ್ಲ ಒಟ್ಟಿಗೆ ನಕ್ಕವು. ಮುದುಕರ ಆಸೆಗೆ ಹೀಗೆ ನಗುವುದೇ ಎಂದು ಜಯಂತನಿಗೆ ಕರುಳು ಚುರುಕ್ಕೆಂದಿತು. ಅವರ ಪಕ್ಷ ವಹಿಸುವ ಆತುರದಲ್ಲಿ ಮೈಕು ಒತ್ತಿ, “ನನಗೂ ಸ್ವಲ್ಪ ಗೊತ್ತು. ಬೆಂಗಳೂರಿನಲ್ಲಿ ಹಾರಿಸುತ್ತಿದ್ದೆ” ಅಂದುಬಿಟ್ಟ.

ಅವನು ಬೆಂಗಳೂರಿನಲ್ಲಿ ಹಾರಿಸಿದ್ದು ಗಾಳಿಪಟ. ಅದೂ ಆಷಾಢದಲ್ಲಿ, ಅಕ್ಕನ ಕೈಲಿ ದಾರ ಹಿಡಿಸಿ.

ಚೌಕಗಳ ನಗು ಗಕ್ಕನೆ ನಿಂತಿತು. ಸ್ವಲ್ಪ ಗೊತ್ತಂತೆ! ಒಬ್ಬೊಬ್ಬರೇ ತಲೆ ಬಾಗಿಸತೊಡಗಿದರು. ನಿಶಿಗಾಕಿ ಸಾನ್ ಮುಖ ಮಗುವಿನ ಮುಖದಂತೆ ಅರಳಿತು. ಹಾಗಾದರೆ ಭಾನುವಾರ ತಮ್ಮ ಜೊತೆ ಅಂಗಡಿಗೆ ಬಂದು ಹೊಸಬರಿಗೆ ತಕ್ಕ ಮೊದಲ ವಿಮಾನ ಯಾವುದೆಂದು ದಯವಿಟ್ಟು ಆರಿಸಿಕೊಡಬೇಕು ಎಂದು ಕೇಳಿಕೊಂಡರು. ಕಾರ್ಖಾನೆಯ ನಿರ್ದೇಶಕ ಇವಾಮೋತೊ ಸಾನ್ ಕೂಡ ಒಂದು ಚೌಕದಲ್ಲಿದ್ದರು. ಹೊಳೆದಂಡೆ ಬಯಲು ಜಾಗ, ದೂರ ದೂರ ನಿಂತರಾಯಿತು, ಸೆಕ್ಷನ್ನಿನವರೆಲ್ಲ ಅಲ್ಲಿಗೇ ಬಂದು ನಿಜವಾದ ಬೀಳ್ಕೊಡುಗೆ ಕೊಡೋಣ, ಮೊದಲ ಹಾರಾಟ ಜಯಂತ ಸಾನ್ ಕೈಯಿಂದಲೇ ಆಗಲಿ ಎಂದು ಅವರು ಅಪ್ಪಣೆ ಕೊಡಿಸಿದರು.

ಹೆಂಡತಿ ಶೈಲಜಾ ಪಕ್ಕದ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. “ರೀ, ಎಸಿ ರಿಮೋಟ್ ಕೈಗೆ ಕೊಟ್ರೆ ಮನೇನ ಫ್ರಿಜ್ ಮಾಡ್ತೀರಿ. ನೀವು ವಿಮಾನ ಹಾರಿಸ್ತೀರಾ? ಸುಮ್ನೆ ಈಗ್ಲೇ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡಿ” ಅಂದಳು.

ಹೇಳುವುದು ಸುಲಭವಾಗಿರಲಿಲ್ಲ. ಇವನನ್ನು ಎಲ್ಲರೆದುರು ಗುರು ಎಂದು ಒಪ್ಪಿಕೊಂಡವರು ನಿಶಿಗಾಕಿ ಸಾನ್. ಇವನು ಸುಳ್ಳ ಎಂದು ತಿಳಿದರೆ ಇವನ ಮಾನ ಹೋಗುವುದಿರಲಿ, ಇಡೀ ಜೀವಮಾನ ಯಾರಿಂದಲೂ ಬೆರಳು ತೋರಿಸಿಕೊಳ್ಳದೆ ಬದುಕಿದ ಆ ಮನುಷ್ಯ ಹೋಗುವ ಹೊತ್ತಿನಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಅದನ್ನು ನೆನೆದು ಜಯಂತನಿಗೆ ಅನ್ನ ಇಳಿಯಲಿಲ್ಲ.

ಶನಿವಾರ ಮೇಲಿನ ಮಹಡಿಯ ಬಾಲಸುಬ್ರಹ್ಮಣ್ಯ ಇಳಿದು ಬಂದ. ಅವನು ಐಟಿಯವನು, ಮನೆಯಿಂದಲೇ ಕೆಲಸ ಶುರುವಾದ ಮೇಲೆ ಅವನಿಗೆ ಸ್ವಂತ ಕೆಲಸವೊಂದು ಬಿಟ್ಟು ಮಿಕ್ಕವರ ಕೆಲಸಕ್ಕೆಲ್ಲ ಪುರುಸೊತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. “ಯೂಟ್ಯೂಬ್ ಇದೆ, ಟೆನ್ಷನ್ ಯಾಕೆ ಗುರು? ಎಡಗೈ ಎಂಜಿನ್, ಬಲಗೈ ಸ್ಟೀರಿಂಗ್. ಅಷ್ಟೇ” ಎಂದು ಊಟದ ಡಬ್ಬಿಯೊಂದಕ್ಕೆ ಎರಡು ಚಮಚ ಸಿಕ್ಕಿಸಿ ಕೈಗೆ ಕೊಟ್ಟ. ಜಯಂತ ಸಂಜೆಯವರೆಗೆ ಸೋಫಾದ ಮೇಲೆ ಕೂತು ಚಮಚ ಅಲ್ಲಾಡಿಸಿದ. ಎರಡು ಸಲ ಸುರಕ್ಷಿತವಾಗಿ ಇಳಿದೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ನಿಶಿಗಾಕಿ ಸಾನ್ ತಮ್ಮ ಪುಟ್ಟ ವ್ಯಾನಿನ ಪಕ್ಕ ಕಾಯುತ್ತ ನಿಂತಿದ್ದರು. ಜಯಂತನ ಹಿಂದೆಯೇ ಕರೆಯದೆ ಬಂದ ಬಾಲಸುಬ್ರಹ್ಮಣ್ಯನಿದ್ದ. ಒಳಗೆ ಕಾಲಿಟ್ಟರೆ ಮೇಲೆ, ಕೆಳಗೆ, ಗೋಡೆಯ ತುಂಬ ವಿಮಾನಗಳು. ಎದೆಯಷ್ಟು ಉದ್ದದವು, ಅಂಗೈಯಷ್ಟು ಚಿಕ್ಕವು, ನೀರಿನ ಮೇಲೆ ಇಳಿಯುವವು, ರೆಕ್ಕೆ ಎರಡಂತಸ್ತಿನವು. ಒಂದೊಂದರ ಕೆಲಸವೂ ಒಡವೆಯ ಹಾಗೆ. ಜಯಂತ ತನ್ನ ಕಷ್ಟ ಮರೆತು ಬಾಯಿ ತೆರೆದು ನೋಡಿದ. ಕೈಯಲ್ಲಿ ಮಾಡಿದ್ದು ಇಷ್ಟು ಚೆಂದ ಇರುತ್ತದೆಯೇ ಅನ್ನಿಸಿತು.

ಅಂಗಡಿಯ ಯಜಮಾನರು ಮುದುಕರು. ಇವರು ಬೆಂಗಳೂರಿನಲ್ಲಿ ಸ್ವಲ್ಪ ಹಾರಿಸಿದವರು ಎಂದು ನಿಶಿಗಾಕಿ ಸಾನ್ ಪರಿಚಯಿಸಿದ್ದೇ ತಡ, ಅವರು ಸೊಂಟದವರೆಗೆ ಬಾಗಿ, ಒಳಗಿನಿಂದ ಹಗುರ ಮರದ ದೊಡ್ಡ ವಿಮಾನವೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದರು. ಬಾನಿನಲ್ಲಿ ತಲೆಕೆಳಗಾಗಿ ಹಾರುವ ಜಾತಿಯಂತೆ. ಬಾಲಸುಬ್ರಹ್ಮಣ್ಯ ಅಷ್ಟರಲ್ಲಿ ಮೂತಿಗೆ ಹಲ್ಲು ಬರೆದ ಯುದ್ಧವಿಮಾನವೊಂದನ್ನು ಅಪ್ಪಿಕೊಂಡು, ತಗೊಂಡ್ರೆ ಇದೇ ತಗೋಬೇಕು ಎಂದು ಹಟ ಹಿಡಿದಿದ್ದ. ಮೂವರೂ ಜಯಂತನ ಬಾಯನ್ನೇ ನೋಡತೊಡಗಿದರು.

ಏನಾದರೂ ಕೇಳಲೇಬೇಕಿತ್ತು. ಮರದ ವಿಮಾನವನ್ನು ಬಾಲ ಹಿಡಿದು ಮೇಲೆತ್ತಿ, ತಂದೆ ತಾತಂದಿರ ಕಾಲದಿಂದ ರಕ್ತದಲ್ಲಿ ಬಂದ ಪ್ರಶ್ನೆಯನ್ನೇ ಕೇಳಿದ: “ಇದು ಮೈಲೇಜ್ ಎಷ್ಟು ಕೊಡುತ್ತೆ?”

ಅಂಗಡಿಯವರು ಕಣ್ಣು ಮುಚ್ಚಿ ಯೋಚಿಸಿದರು. ನಿಶಿಗಾಕಿ ಸಾನ್ ಯಾಕೋ ಮಾಸ್ಕಿನೊಳಗೇ ಕೆಮ್ಮಿದರು. ಇಷ್ಟು ವರ್ಷದ ವ್ಯಾಪಾರದಲ್ಲಿ ಇಷ್ಟು ಆಳದ ಪ್ರಶ್ನೆಯನ್ನು ಯಾರೂ ಕೇಳಿಲ್ಲ ಎಂದು ಅಂಗಡಿಯವರು ಒಪ್ಪಿಕೊಂಡರು. ಜಯಂತನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು, “ಕ್ಷಮಿಸಿ, ನನಗೆ ನಿಜಕ್ಕೂ ಇದರಲ್ಲಿ ಏನೂ ಗೊತ್ತಿಲ್ಲ” ಎಂದು ಹೇಳಿಯೇಬಿಟ್ಟ. ಕೇಳಿದ ಅಂಗಡಿಯವರು ಇನ್ನೂ ಕೆಳಕ್ಕೆ ಬಾಗಿದರು. ನಿಜವಾದ ಗುರುಗಳು ಮಾತ್ರ ಹೀಗೆ ಹೇಳಬಲ್ಲರಂತೆ.

ಸತ್ಯಕ್ಕೂ ಬೆಲೆ ಇಲ್ಲದಂತಾಯಿತಲ್ಲ ಎಂದು ಜಯಂತ ಸುತ್ತ ಕಣ್ಣಾಡಿಸಿದ. ಮೂಲೆಯಲ್ಲಿ ಥರ್ಮಾಕೋಲಿನಂಥ ಹಗುರ ವಸ್ತುವಿನಲ್ಲಿ ಮಾಡಿದ ಹಳದಿ ವಿಮಾನವೊಂದಿತ್ತು. ರೆಕ್ಕೆ ಮೇಲ್ಗಡೆ, ಮೂತಿ ಮೊಂಡು, ಎಲ್.ಕೆ.ಜಿ. ಮಕ್ಕಳು ಬರೆಯುವ ಚಿತ್ರದಂತಿತ್ತು. ಇದು ಬಿದ್ದರೂ ಯಾರಿಗೂ ಪೆಟ್ಟಾಗಲಾರದು ಅನ್ನುವ ಒಂದೇ ಧೈರ್ಯದ ಮೇಲೆ ಅದರತ್ತ ಬೆರಳು ತೋರಿಸಿದ. ಅಂಗಡಿಯವರು ಆಹಾ ಎಂದು ಉದ್ಗರಿಸಿ ವಿವರಿಸತೊಡಗಿದರು. ಹೊಸಬರೆಲ್ಲ ಯುದ್ಧವಿಮಾನಕ್ಕೆ ಕೈ ಹಾಕಿ ಮೊದಲ ದಿನವೇ ಚೂರು ಆಯ್ದುಕೊಂಡು ಮನೆಗೆ ಹೋಗುತ್ತಾರೆ. ರೆಕ್ಕೆ ಮೇಲಿದ್ದರೆ ವಿಮಾನ ತಾನಾಗಿ ನೆಟ್ಟಗಾಗುತ್ತದೆ, ನಿಧಾನ ಹಾರುತ್ತದೆ, ಬಿದ್ದರೆ ಗೋಂದು ಹಚ್ಚಿದರೆ ಸಾಕು. ಮೊದಲ ವಿಮಾನ ಅಂದರೆ ಇದೇ. ಇಷ್ಟೆಲ್ಲ ಇದ್ದೂ ಇದನ್ನೇ ಆರಿಸಲು ಎಂಥ ಕಣ್ಣು ಬೇಕು! ಇದನ್ನೆಲ್ಲ ಜಯಂತನೂ ಅದೇ ಮೊದಲು ಕೇಳುತ್ತಿದ್ದ.

ರಿಮೋಟನ್ನು ಕೈಗೆ ಕೊಟ್ಟಾಗ ಇನ್ನೊಂದು ಏಟು ಕಾದಿತ್ತು. ಅದರ ಎಂಜಿನ್ ಕಡ್ಡಿ ಬಲಗಡೆ ಇತ್ತು. ಜಪಾನಿನಲ್ಲಿ ಹಳೆಯ ಕಾಲದಿಂದಲೂ ಹಾಗೆಯೇ ರೂಢಿಯಂತೆ. ಮಿಕ್ಕ ಜಗತ್ತು ಎಡಗೈಲಿ ಮಾಡುವುದನ್ನು ಇವರು ಬಲಗೈಲಿ ಮಾಡುತ್ತಾರೆ. ಜಯಂತ ಬಾಲಸುಬ್ರಹ್ಮಣ್ಯನ ಮುಖ ನೋಡಿದ. ಅವನು ಗೋಡೆಯ ಮೇಲಿನ ಹೆಲಿಕಾಪ್ಟರ್ ನೋಡುತ್ತಿದ್ದ. ಶನಿವಾರದ ಚಮಚಗಳ ಸಾಧನೆ ನೀರಿನಲ್ಲಿ ಹೋಮವಾಯಿತು. ನಿಶಿಗಾಕಿ ಸಾನ್ ಬಿಲ್ಲು ಮಾಡಿಸುತ್ತೇನೆಂದು ಯಜಮಾನರ ಜೊತೆ ಒಳಗೆ ಹೋಗಿ, ಸಾಕಷ್ಟು ಹೊತ್ತು ಪಿಸುಮಾತಾಡಿ, ಡಬ್ಬಿ ಕಟ್ಟಿಸಿಕೊಂಡು ಬಂದರು.

ಹೊಳೆಗೆ ಹೋಗುವ ದಾರಿಯಲ್ಲೇ ಜಯಂತನ ಮನೆ. ಅಲ್ಲಿ ಶೈಲಜಾಳ ತಾಯಿ ಚಾಮುಂಡೇಶ್ವರಮ್ಮ ಆರತಿ ತಟ್ಟೆ ಹಿಡಿದು ಕೆಳಗೇ ನಿಂತಿದ್ದರು. ಹಿಂದಿನ ವರ್ಷ ಒಂದು ತಿಂಗಳಿಗೆಂದು ಮೈಸೂರಿನಿಂದ ಬಂದವರು. ಅಷ್ಟರಲ್ಲಿ ವಿಮಾನಗಳು ನಿಂತವು, ಆಮೇಲೆ ಶುರುವಾದರೂ ಹತ್ತಲು ಆಕೆಗೆ ಧೈರ್ಯ ಬರಲಿಲ್ಲ. “ಹೊಸ ಗಾಡಿ ಅಳಿಯಂದ್ರೇ. ಪೂಜೆ ಆಗ್ದೆ ಹೊರಗೆ ತೆಗೀಬಾರ್ದು” ಅಂದರು. ವಿಮಾನದ ಮೂತಿಗೆ ಅರಿಶಿನ ಕುಂಕುಮ ಬಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ತಳ್ಳಿ ಅಂದರು. ಜಯಂತ ತಳ್ಳಿದ. ನಿಂಬೆಹಣ್ಣಿಗೆ ಏನೂ ಆಗಲಿಲ್ಲ, ವಿಮಾನವೇ ಮಗುಚಿಕೊಂಡಿತು. ನಿಶಿಗಾಕಿ ಸಾನ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ಇದನ್ನೆಲ್ಲ ಭಕ್ತಿಯಿಂದ ನೋಡಿ, ಕೊನೆಯಲ್ಲಿ ಆರತಿಯನ್ನೂ ತೆಗೆದುಕೊಂಡರು. ಹೆಂಗಸರಿಬ್ಬರೂ ವ್ಯಾನು ಹತ್ತಿ ಕೂತರು.

ಯಹಾಗಿ ಹೊಳೆಯ ದಂಡೆಯಲ್ಲಿ ಸೆಕ್ಷನ್ನಿನವರೆಲ್ಲ ಎರಡೆರಡು ಮೀಟರ್ ಬಿಟ್ಟು, ಬತ್ತದ ಪೈರು ನೆಟ್ಟ ಹಾಗೆ ಸಾಲಾಗಿ ನಿಂತಿದ್ದರು. ಮಧ್ಯದಲ್ಲಿ ನಿರ್ದೇಶಕ ಇವಾಮೋತೊ ಸಾನ್. ವಿಮಾನದ ಮೂತಿಯ ಕುಂಕುಮ ಕಂಡು ಸಾಲಿನಲ್ಲಿ ಗುಸುಗುಸು ಹಬ್ಬಿತು. ಬಾಲಸುಬ್ರಹ್ಮಣ್ಯ ಫೋನು ಎತ್ತಿ ಹಿಡಿದು ಕನ್ನಡ ಬಳಗದ ಗ್ರೂಪಿಗೆ ನೇರ ಪ್ರಸಾರ ಶುರು ಮಾಡಿದ. ಒಸಾಕಾದಿಂದ, ಸೆಂಡಾಯ್‌ನಿಂದ ಆಗಲೇ ಚಪ್ಪಾಳೆಯ ಚಿತ್ರಗಳು ಬರತೊಡಗಿದ್ದವು.

ಜಯಂತ ಕೊನೆಯ ಪ್ರಯತ್ನವೆಂದು ನಿಶಿಗಾಕಿ ಸಾನ್ ಹತ್ತಿರ ಹೋಗಿ, ತನಗೆ ಬರುವುದಿಲ್ಲ, ಬೇರೆ ಯಾರಾದರೂ ಹಾರಿಸಲಿ ಎಂದು ಅಂಗಲಾಚಿದ. ಅವರು ಅವನನ್ನು ಮೃದುವಾಗಿ ನೋಡಿ, ವಿಮಾನದ ಬ್ಯಾಟರಿ ಸಿಕ್ಕಿಸಿ ಹುಲ್ಲಿನ ಮೇಲಿಟ್ಟು, ಹೆದರಬೇಡಿ, ಆಕಾಶ ದೊಡ್ಡದಿದೆ ಅಂದರು. ತಮಗೆ ಗಾಳಿ ಆಗಿಬರುವುದಿಲ್ಲ ಎಂದು ವ್ಯಾನಿನ ಹಿಂಬಾಗಿಲು ಎತ್ತಿ, ಅಲ್ಲೇ ಅಂಚಿನಲ್ಲಿ ಕೂತು, ತೊಡೆಯ ಮೇಲೆ ಕಂಬಳಿ ಹೊದ್ದುಕೊಂಡರು.

ಜಯಂತ ರಿಮೋಟಿನ ಗುಂಡಿ ಒತ್ತಿ, ಕುಲದೇವರನ್ನು ನೆನೆದು, ಬಲಗೈಯ ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದ. ವಿಮಾನ ಅಲ್ಲಾಡಲಿಲ್ಲ. ಇನ್ನೂ ತಳ್ಳಿದ. ಒಂದು ಕ್ಷಣ ಬಿಟ್ಟು ಅದು ಗುಂಯ್‌ಗುಟ್ಟುತ್ತ ಹುಲ್ಲಿನ ಮೇಲೆ ಓಡಿ, ನೀರಿನಿಂದ ಕೊಕ್ಕರೆ ಏಳುವ ಹಾಗೆ ಎದ್ದುಬಿಟ್ಟಿತು.

ಆಮೇಲೆ ಆದದ್ದನ್ನು ನೋಡಿದವರೆಲ್ಲ ಬಹುಕಾಲ ನೆನೆದರು. ಆ ಮೊದ್ದು ಹಳದಿ ವಿಮಾನ ಹೊಳೆಯ ಮೇಲೆ ಅಗಲವಾದ ಸುತ್ತು ಹಾಕಿತು. ಸೇತುವೆಯ ಮಟ್ಟಕ್ಕೆ ಇಳಿದು, ನೀರಿಗೆ ನೆರಳು ಮುಟ್ಟಿಸಿ, ಮತ್ತೆ ಏರಿತು. ಇನ್ನೇನು ಮೊಗ್ಗು ಬಿರಿಯಲಿದ್ದ ಸಕುರಾ ಮರಗಳ ನೆತ್ತಿ ಸವರಿಕೊಂಡು ಬಂತು. ಎತ್ತರದಲ್ಲಿ ಎಂಜಿನ್ ನಿಲ್ಲಿಸಿ, ಬಿಸಿಲಿನಲ್ಲಿ ರೆಕ್ಕೆ ಚಾಚಿ, ಸದ್ದೇ ಇಲ್ಲದೆ ತೇಲಿತು. ವರ್ಷದಿಂದ ಗೋಡೆ ನೋಡಿಕೊಂಡು ಕೂತ ಅಷ್ಟೂ ಜನ ಕತ್ತೆತ್ತಿ ನೋಡುತ್ತ ಮೈಮರೆತರು. ವಿಮಾನವೆಂದರೆ ನಡುಗುತ್ತಿದ್ದ ಚಾಮುಂಡೇಶ್ವರಮ್ಮನೂ, ಎಷ್ಟು ಚೆನ್ನಾಗಿ ಹೋಗತ್ತಲ್ಲೇ ಎಂದು ಮಗಳ ಕೈ ಹಿಡಿದುಕೊಂಡರು.

ಜಯಂತನ ಪಾಡು ಮಾತ್ರ ವಿಚಿತ್ರವಾಗಿತ್ತು. ಅವನು ಎಡಕ್ಕೆ ಒತ್ತಿದರೆ ವಿಮಾನ ಬಲಕ್ಕೆ ಹೋಗುತ್ತಿತ್ತು. ಗಾಬರಿಯಾಗಿ ಬಲಕ್ಕೆ ಒತ್ತಿದರೆ ಮೇಲಕ್ಕೆ. ಆದರೆ ಹೋದ ಕಡೆಯೆಲ್ಲ ಚೆಂದವಾಗಿಯೇ ಹೋಗುತ್ತಿತ್ತು. ಇದು ಹುಟ್ಟಾ ಬಂದ ಪ್ರತಿಭೆ ಇರಬೇಕು, ಇಷ್ಟು ದಿನ ತನಗೇ ತಿಳಿದಿರಲಿಲ್ಲ ಅನ್ನುವ ಗುಮಾನಿ ಅವನಲ್ಲಿ ಮೊಳೆಯಿತು. ಗುಮಾನಿ ಬೆಳೆದು ನಂಬಿಕೆಯಾಯಿತು. ವಿಮಾನ ಕೊನೆಯ ಸುತ್ತು ಮುಗಿಸಿ, ಹುಲ್ಲಿನ ಮೇಲೆ ಹೂವಿಟ್ಟಂತೆ ಇಳಿದು, ನಿರ್ದೇಶಕರ ಬೂಟಿನ ಮುಂದೆ ಬಂದು ನಿಲ್ಲುವ ಹೊತ್ತಿಗೆ ಅವನು ಒಂದು ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ನಿಂತಿದ್ದ.

ಚಪ್ಪಾಳೆ ಹೊಳೆಯ ಆಚೆ ದಡಕ್ಕೂ ಕೇಳಿಸಿತು. ಬಾಲಸುಬ್ರಹ್ಮಣ್ಯ ಫೋನಿಗೆ, ತಾನೇ ಟ್ರೇನಿಂಗ್ ಕೊಟ್ಟದ್ದು ಎಂದು ವಿವರಿಸುತ್ತಿದ್ದ. ಶೈಲಜಾ ಬಂದು ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಸಾರಿ ರೀ. ನಿಮ್ಮನ್ನ ಏನೋ ಅಂದ್ಕೊಂಡಿದ್ದೆ” ಅಂದಳು. ಮದುವೆಯಾದ ಮೇಲೆ ಇಂಥ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಎದೆ ಉಬ್ಬಿಸಿಕೊಂಡೇ ಜಯಂತ ರಿಮೋಟನ್ನು ಡಬ್ಬಿಗೆ ಹಾಕಲು ಹೋದ. ಡಬ್ಬಿಯ ತಳದಲ್ಲಿ ರಿಮೋಟಿನ ಸೆಲ್ಲುಗಳು ಪ್ಲಾಸ್ಟಿಕ್ ಕೂಡ ಬಿಚ್ಚದೆ ಹೊಸದಾಗಿ ಮಲಗಿದ್ದವು. ರಿಮೋಟ್ ತಿರುಗಿಸಿ ಮುಚ್ಚಳ ತೆಗೆದ. ಒಳಗೆ ಖಾಲಿ. ಸೆಲ್ಲೇ ಇಲ್ಲದ ರಿಮೋಟು ಹಿಡಿದು ಅವನು ಅಷ್ಟು ಹೊತ್ತು ಕುಣಿದಿದ್ದ.

ಮೆಲ್ಲಗೆ ತಿರುಗಿದ. ವ್ಯಾನಿನ ಹಿಂದೆ ನಿಶಿಗಾಕಿ ಸಾನ್ ಕಂಬಳಿ ಮಡಿಸುತ್ತಿದ್ದರು. ತೊಡೆಯ ಮೇಲೆ ಇನ್ನೊಂದು ರಿಮೋಟ್ ಇತ್ತು. ಬೆರಳಾಡಿಸಿ ಆಡಿಸಿ ಅದರ ಬಣ್ಣವೆಲ್ಲ ಹೋಗಿತ್ತು.

“ಕ್ಷಮಿಸಬೇಕು ಜಯಂತ ಸಾನ್,” ಎಂದು ಅವರು ತಲೆ ಬಾಗಿಸಿದರು. “ಅಂಗಡಿಯಲ್ಲಿ ನೀವು ವಿಮಾನವನ್ನು ಬಾಲದಿಂದ ಎತ್ತಿದಾಗಲೇ ಗೊತ್ತಾಯಿತು. ಬಿಲ್ಲು ಮಾಡಿಸುವಾಗ ವಿಮಾನವನ್ನು ಈ ನನ್ನ ರಿಮೋಟಿಗೆ ಜೋಡಿಸಿಕೊಂಡೆ.”

“ಏನೂ ಬರುವುದಿಲ್ಲ ಅಂತ ನಾನು ಎರಡು ಸಲ ಹೇಳಿದೆನಲ್ಲ.”

“ಅಂಗಡಿಯವರು ನಂಬಲಿಲ್ಲ. ನಾನು ನಂಬಿದೆ.” ಅವರ ಕಣ್ಣು ನಗುತ್ತಿದ್ದವು. “ನನಗೋಸ್ಕರ ಅಷ್ಟು ಕಷ್ಟಪಟ್ಟಿರಿ. ಎಲ್ಲರೆದುರು ನಿಮ್ಮ ತಲೆ ತಗ್ಗಬಾರದಿತ್ತು. ಈ ವಿಮಾನ ನಿಮಗೇ. ಹೊಸಬರಿಗೆ ಅಂತ ತಾನೇ ಆರಿಸಿದ್ದು? ಬಹಳ ಚೆನ್ನಾಗಿ ಆರಿಸಿದ್ದೀರಿ.”

ಯಾರ ಮಾನ ಉಳಿಸಬೇಕೆಂದು ಜಯಂತ ಎರಡು ದಿನ ಒದ್ದಾಡಿದನೋ ಅವರು ಕಂಬಳಿಯ ಕೆಳಗೆ ಅವನ ಮಾನವನ್ನೇ ಕಾಯುತ್ತ ಕೂತಿದ್ದರು. ಇಂಥವರ ಕೆಳಗೆ ಕೆಲಸ ಮಾಡಿದ್ದು ತನ್ನ ಏಳು ಜನ್ಮದ ಪುಣ್ಯ ಎಂದು ಹೇಳಬೇಕೆನ್ನಿಸಿತು. ಅದಕ್ಕೆ ಜಪಾನಿ ಭಾಷೆಯಲ್ಲಿ ಮಾತು ಸಿಗದೆ, ಅರಿಗಾತೋ ಅರಿಗಾತೋ ಎಂದು ಕಣ್ಣೊರೆಸಿಕೊಂಡ. ಒಂದು ಸಮಾಧಾನವೂ ಆಯಿತು: ಇದು ಇಲ್ಲಿಗೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ವಿಮಾನದ ಸುದ್ದಿಗೆ ಹೋಗುವುದು ಬೇಡ.

ಆಗ ನಿರ್ದೇಶಕ ಇವಾಮೋತೊ ಸಾನ್ ಇಡೀ ಸಾಲನ್ನು ಹಿಂದೆ ಕಟ್ಟಿಕೊಂಡು ಬಂದರು. ಕಾರ್ಖಾನೆಯ ವಿಮಾನ ಸಂಘವನ್ನು ಇಷ್ಟು ಕಾಲ ನಡೆಸಿದವರು ನಿಶಿಗಾಕಿ ಸಾನ್, ಮೂರು ಸಲ ಇಡೀ ಜಪಾನಿಗೇ ಚಾಂಪಿಯನ್ ಆದವರು ಎಂದು ಅವರು ಶುರು ಮಾಡಿದಾಗ ಜಯಂತನಿಗೆ ಆ ಶುಕ್ರವಾರದ ನಗು ಯಾಕೆಂದು ಅರ್ಥವಾಯಿತು. ಭಾನುವಾರವೆಂದರೆ ಇಡ್ಲಿ ಮತ್ತು ನಿದ್ದೆ ಎಂದುಕೊಂಡಿದ್ದ ಅವನಿಗೆ ಅಂಥದೊಂದು ಸಂಘ ಇರುವುದೇ ತಿಳಿದಿರಲಿಲ್ಲ. ಅವರು ಹೋದ ಮೇಲೆ ಸಂಘ ಅನಾಥವಾಗುತ್ತದೆ ಎಂಬ ಚಿಂತೆ ಇವತ್ತು ಕಳೆಯಿತು, ಏಪ್ರಿಲ್‌ನಿಂದ ಅಧ್ಯಕ್ಷತೆ ಜಯಂತ ಸಾನ್ ಅವರದೇ ಎಂದು ನಿರ್ದೇಶಕರು ಸಾರಿದರು. ಮೇ ತಿಂಗಳ ಕಾರ್ಖಾನೆಯ ಹಬ್ಬಕ್ಕೆ ಈ ಸಲ ಜನ ಸೇರಿಸುವಂತಿಲ್ಲ. ಅದರಿಂದ ಹೊಸ ಅಧ್ಯಕ್ಷರ ಹಾರಾಟವನ್ನು ಹಿರೋಷಿಮಾದ ಶಾಖೆಯವರೆಗೂ ನೇರ ಪ್ರಸಾರ ಮಾಡಲಾಗುವುದು.

ಇನ್ನು ನಾಚಿಕೆಗೀಚಿಕೆ ಇಟ್ಟುಕೊಂಡರೆ ಕೆಟ್ಟೆ ಎಂದು ಜಯಂತ ಎಲ್ಲರಿಗೂ ಕೇಳಿಸುವಂತೆ ಹೇಳಿದ: “ಇಲ್ಲ. ನನಗೆ ಏನೇನೂ ಬರುವುದಿಲ್ಲ. ಈಗ ಹಾರಿಸಿದ್ದೂ ನಾನಲ್ಲ. ಪೂರ್ತಿ ನಿಶಿಗಾಕಿ ಸಾನ್.”

ನಿರ್ದೇಶಕರ ಕಣ್ಣಲ್ಲಿ ನೀರು ತುಂಬಿತು. ಇಂಥ ಹಾರಾಟ ತೋರಿಸಿಯೂ ಎಲ್ಲ ಕೀರ್ತಿಯನ್ನು ಹಿರಿಯರ ಪಾದಕ್ಕೆ ಹಾಕಿದವನನ್ನು ಅವರು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲವಂತೆ. ಅವರು ಸೊಂಟ ಬಗ್ಗಿಸಿ ಬಾಗಿದರು. ಅವರು ಬಾಗಿದ್ದು ಕಂಡು ಸಾಲಿಗೆ ಸಾಲೇ ಬಾಗಿತು. ಬಾಲಸುಬ್ರಹ್ಮಣ್ಯ ಅದನ್ನೂ ಪ್ರಸಾರ ಮಾಡಿದ.

“ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ನಿಶಿಗಾಕಿ ಸಾನ್ ಅವರನ್ನು ಸಂಘದ ಅಧ್ಯಕ್ಷರನ್ನಾಗಿ ಮಾಡಿದ್ದು,” ಎಂದು ನಿರ್ದೇಶಕರು ತಲೆಯೆತ್ತಿ ಗದ್ಗದಿಸಿದರು. “ಅವತ್ತು ಅವರೂ ಹೀಗೇ ನಿಂತು, ನನಗೆ ಏನೇನೂ ಬರುವುದಿಲ್ಲ ಅಂದಿದ್ದರು.”

ಜಯಂತ ದಿಕ್ಕು ತೋಚದೆ ನಿಶಿಗಾಕಿ ಸಾನ್ ಕಡೆ ನೋಡಿದ. ಚಪ್ಪಾಳೆಯ ಸದ್ದಿನಲ್ಲಿ ಅವರು ಎರಡು ಮೀಟರಿನ ನಿಯಮವನ್ನೂ ಮರೆತು ಅವನ ಕಿವಿಯ ಹತ್ತಿರ ಬಗ್ಗಿದರು.

“ಅವತ್ತು ನಾನೂ ನಿಜವನ್ನೇ ಹೇಳಿದ್ದೆ” ಅಂದರು.